ಪಿಟ್‌ಕೇರ್ನ್: ಕಾನೂನಿಗೆ ಹೆದರಿದವರ ದ್ವೀಪ

ಶಾಂತಸಾಗರದ ದಕ್ಷಿಣ ಭಾಗದಲ್ಲಿ, ನ್ಯೂಜಿಲೆಂಡಿಗೂ ದಕ್ಷಿಣ ಅಮೆರಿಕೆಗೂ ನಡುವೆ, ಪಿಟ್‌ಕೇರ್ನ್ ಎಂಬ ಪುಟ್ಟ ದ್ವೀಪವಿದೆ. ವಿಸ್ತೀರ್ಣ ಐದು ಚದರ ಕಿಲೋಮೀಟರಿಗೂ ಕಡಿಮೆ. ಆರಿಹೋದ ಜ್ವಾಲಾಮುಖಿಯೊಂದರ ಅರ್ಧ ಕುಳಿಯೇ ಈ ದ್ವೀಪ. ಸುತ್ತಲೂ ಕಡಿದಾದ ಬಂಡೆಗಳ ಗೋಡೆ. ವಿಮಾನ ಇಳಿಯಲು ಸ್ಥಳವಿಲ್ಲ, ದೊಡ್ಡ ಹಡಗು ತಂಗಲು ಬಂದರಿಲ್ಲ. ದೋಣಿಯಲ್ಲಿ ಬೌಂಟಿ ಕೊಲ್ಲಿಗೆ ಬಂದಿಳಿದವರು ‘ಕಷ್ಟದ ಗುಡ್ಡ’ ಎಂಬರ್ಥದ ಹೆಸರುಳ್ಳ ಏರುದಾರಿಯನ್ನು ಹತ್ತಿ, ಅಲ್ಲಿನ ಏಕೈಕ ಊರಾದ ಆಡಮ್ಸ್‌ಟೌನನ್ನು ಸೇರಬೇಕು. ಇಂದು ಅಲ್ಲಿ ವಾಸಿಸುವವರು ಸುಮಾರು ಐವತ್ತು ಜನ. ಅವರಲ್ಲಿ ಬಹುಪಾಲು ಮಂದಿ ನೇಣುಗಂಬಕ್ಕೆ ಹೆದರಿ ಓಡಿಬಂದವರ ವಂಶಜರು.

ವೆಸ್ಟ್ ಇಂಡೀಸಿನ ತೋಟಗಳಲ್ಲಿ ದುಡಿಯುತ್ತಿದ್ದ ಗುಲಾಮರಿಗೆ ಅಗ್ಗದ ಆಹಾರವಾಗಲೆಂದು ದೀವಿಹಲಸಿನ, ಅಂದರೆ ನಮ್ಮ ಕರಾವಳಿಯವರ ಜೀಗುಜ್ಜೆಯ, ಸಸಿಗಳನ್ನು ಟಹೀಟಿಯಿಂದ ಒಯ್ಯುತ್ತಿದ್ದ ಬ್ರಿಟಿಷ್ ಹಡಗು ‘ಬೌಂಟಿ’. 1789ರ ಏಪ್ರಿಲ್ 28ರಂದು ಫ್ಲೆಚರ್ ಕ್ರಿಶ್ಚಿಯನ್ ಎಂಬಾತನ ಮುಂದಾಳುತನದಲ್ಲಿ ನಾವಿಕರು ದಂಗೆಯೆದ್ದರು. ಕಪ್ತಾನ ಬ್ಲೈ ಮತ್ತವನ ಹದಿನೆಂಟು ಸಂಗಡಿಗರನ್ನು ತೆರೆದ ದೋಣಿಯಲ್ಲಿ ನಡುಗಡಲಿಗೆ ಬಿಟ್ಟರು. ದಂಗೆಗೆ ಶಿಕ್ಷೆ ಮರಣವೇ ಆಗಿತ್ತು. ಟಹೀಟಿಯಲ್ಲಿಯೇ ಉಳಿದವರನ್ನು ನೌಕಾಪಡೆ ಹಿಡಿದು ಒಯ್ದಿತು. ಮೂವರನ್ನು 1792ರಲ್ಲಿ ನೇಣಿಗೇರಿಸಲಾಯಿತು.

ಕ್ರಿಶ್ಚಿಯನ್ನನ ಗುಂಪು ಆರಿಸಿಕೊಂಡದ್ದು ಪಿಟ್‌ಕೇರ್ನನ್ನು. 1767ರಲ್ಲಿ ಈ ದ್ವೀಪವನ್ನು ಕಂಡಿದ್ದ ಆಂಗ್ಲರು ನಕ್ಷೆಯಲ್ಲಿ ಅದನ್ನು ನಿಜಸ್ಥಾನದಿಂದ ಮುನ್ನೂರು ಕಿಲೋಮೀಟರಿಗೂ ದೂರ ಗುರುತಿಸಿದ್ದರು. ಆ ತಪ್ಪೇ ಬಂಡುಕೋರರಿಗೆ ಕೋಟೆಯಾಯಿತು. 1790ರ ಜನವರಿಯಲ್ಲಿ ಒಂಬತ್ತು ಬಂಡುಕೋರರು, ಆರು ಮಂದಿ ಪಾಲಿನೇಷ್ಯದ ಗಂಡಸರು ಹಾಗೂ ಹಲವರು ಮಹಿಳೆಯರು ಅಲ್ಲಿಗಿಳಿದರು. ಆ ಮಹಿಳೆಯರಲ್ಲಿ ಎಲ್ಲರೂ ಸ್ವಂತ ಇಚ್ಛೆಯಿಂದ ಬಂದವರಲ್ಲ. 23ರಂದು ಹಡಗಿಗೆ ಬೆಂಕಿಯಿಟ್ಟರು. ಮರಳುವ ದಾರಿ ಮುಚ್ಚಿತು.

ಅರಸನಿಲ್ಲ, ನ್ಯಾಯಾಧೀಶನಿಲ್ಲ. ಆದರೂ ಅಲ್ಲಿ ಸಮಾನತೆ ಮೂಡಲಿಲ್ಲ. ನೆಲವನ್ನು ಒಂಬತ್ತು ಪಾಲು ಮಾಡಿದರು, ಒಂಬತ್ತೂ ಬಿಳಿಯರಿಗೇ. ಪಾಲಿನೇಷ್ಯದವರು ಆಳುಗಳಾದರು. ಬಂಡುಕೋರನೊಬ್ಬನ ಸಂಗಾತಿ ಬಂಡೆಯಿಂದ ಬಿದ್ದು ಸತ್ತಾಗ, ಆತ ಅವರಲ್ಲೊಬ್ಬನ ಹೆಂಡತಿಯನ್ನೇ ಕಿತ್ತುಕೊಂಡ. ದೂರು ಕೊಡಲು ಎಡೆಯಿಲ್ಲದ ಕಡೆ ಆಯುಧವೇ ದೂರಾಯಿತು. 1793ರಲ್ಲಿ ಕ್ರಿಶ್ಚಿಯನ್ ಸೇರಿ ಐವರು ಬಂಡುಕೋರರು ಹತರಾದರು. ಆರು ಮಂದಿ ಪಾಲಿನೇಷ್ಯದವರಲ್ಲಿ ಒಬ್ಬರೂ ಉಳಿಯಲಿಲ್ಲ. ಮರುವರ್ಷ ಮಹಿಳೆಯರು ತಾವೇ ದೋಣಿಯೊಂದನ್ನು ಕಟ್ಟಿ ಪಾರಾಗಲು ಯತ್ನಿಸಿದರು. ದೋಣಿ ಮಗುಚಿತು. 1800ರ ಹೊತ್ತಿಗೆ ಬದುಕುಳಿದಿದ್ದ ವಯಸ್ಕ ಗಂಡಸು ಜಾನ್ ಆಡಮ್ಸ್ ಒಬ್ಬನೇ.

ಓದು ಅಷ್ಟಾಗಿ ಬಾರದ ಆಡಮ್ಸ್, ಸಂಗಾತಿ ಯಂಗನ ನೆರವಿನಿಂದ ಅಕ್ಷರ ಕಲಿತಿದ್ದ. ಹಡಗಿನಿಂದ ತಂದಿದ್ದ ಬೈಬಲನ್ನು ಹಿಡಿದು ಮಕ್ಕಳಿಗೆ ಕಲಿಸಿದ. 1808ರಲ್ಲಿ ಅಮೆರಿಕದ ಹಡಗೊಂದು ಅಲ್ಲಿಗೆ ಬಂದಾಗ ಕಂಡದ್ದು ಶಾಂತವಾದ ಒಂದು ಊರನ್ನು. ಆದರೆ ಒಬ್ಬನ ಸದ್ಗುಣವನ್ನು ನೆಚ್ಚಿದ ವ್ಯವಸ್ಥೆ ಅವನ ಬಳಿಕ ನಿಲ್ಲುವುದು ಕಷ್ಟ. ಆಡಮ್ಸ್ 1829ರಲ್ಲಿ ತೀರಿಕೊಂಡ. ಮುಂದೆ ತಿಮಿಂಗಿಲ ಬೇಟೆಗಾರರು ಬಂದು, ಇಲ್ಲಿ ಕಾನೂನೇ ಇಲ್ಲವೆಂದು ಜನರನ್ನು ಬೆದರಿಸತೊಡಗಿದರು. ಆಗ ಕಾನೂನಿಗೆ ಹೆದರಿ ಬಂದವರ ಮಕ್ಕಳೇ ಕಾನೂನನ್ನು ಬೇಡಿದರು. 1838ರಲ್ಲಿ ಬ್ರಿಟಿಷ್ ಕಪ್ತಾನ ಎಲಿಯಟ್ ಅವರಿಗೊಂದು ಸಂಹಿತೆಯನ್ನು ಬರೆದುಕೊಟ್ಟ. ವರ್ಷಕ್ಕೊಮ್ಮೆ ದಂಡಾಧಿಕಾರಿಯ ಚುನಾವಣೆ, ಹೆಂಗಸರಿಗೂ ಗಂಡಸರಂತೆಯೇ ಮತ, ಮಕ್ಕಳಿಗೆ ಕಡ್ಡಾಯ ಶಾಲೆ. ಬ್ರಿಟನ್ನಿನ ಹೆಂಗಸರು ಸಂಸತ್ತಿನ ಮತಕ್ಕಾಗಿ 1918ರವರೆಗೆ ಕಾಯಬೇಕಾಯಿತು.

ಬರೆದಿಟ್ಟ ಕಾನೂನು ತಾನಾಗಿ ಕಾಯುವುದಿಲ್ಲವೆಂಬುದಕ್ಕೂ ಈ ದ್ವೀಪವೇ ಸಾಕ್ಷಿ. 2004ರಲ್ಲಿ ಅಲ್ಲಿನ ಏಳು ಮಂದಿ ಗಂಡಸರ ಮೇಲೆ ಬಾಲಕಿಯರ ಮೇಲಿನ ಲೈಂಗಿಕ ದೌರ್ಜನ್ಯದ ವಿಚಾರಣೆ ನಡೆದು, ಆರು ಮಂದಿ ಅಪರಾಧಿಗಳೆಂದು ತೀರ್ಮಾನವಾಯಿತು. ಬ್ರಿಟಿಷ್ ಕಾನೂನು ತಮಗೆ ಅನ್ವಯಿಸದು ಎಂಬ ಅವರ ವಾದವನ್ನು 2006ರಲ್ಲಿ ಲಂಡನ್ನಿನ ಪ್ರಿವಿ ಕೌನ್ಸಿಲ್ ತಳ್ಳಿಹಾಕಿತು.

ಪ್ರತಿವರ್ಷ ಜನವರಿ 23ರಂದು ದ್ವೀಪದವರು ಬೌಂಟಿಯ ಮಾದರಿಯೊಂದನ್ನು ಕೊಲ್ಲಿಯಲ್ಲಿ ಸುಡುತ್ತಾರೆ. ಹಡಗನ್ನು ಸುಟ್ಟವರು ಬಿಡುಗಡೆ ಪಡೆದೆವೆಂದು ಭಾವಿಸಿದ್ದರು. ಅವರ ಮೊಮ್ಮಕ್ಕಳಿಗೆ ಬಿಡುಗಡೆ ದೊರೆತದ್ದು ಮತಪೆಟ್ಟಿಗೆಯಿಂದ, ಶಾಲೆಯಿಂದ. ಬಾಲಕಿಯರಿಗೆ ಅದು ತಲುಪಲು ಇನ್ನೂ ನೂರರವತ್ತಕ್ಕೂ ಹೆಚ್ಚು ವರ್ಷಗಳು ಬೇಕಾದವು.