ಮುಲುಂಡಿನ ಕಿಟಕಿಯಲ್ಲಿ ವಸಂತ

ಮುಂಬಯಿಯಿಂದ ಠಾಣೆಯತ್ತ ಹೊರಟ ಲೋಕಲ್ ಗಾಡಿಗೆ ನಗರದ ಎಲ್ಲೆಯೊಳಗಿನ ಕೊನೆಯ ನಿಲ್ದಾಣವೇ ನಮ್ಮ ಮುಲುಂಡ್. ಪಶ್ಚಿಮಕ್ಕೆ ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನದ ಗುಡ್ಡಸಾಲು, ಪೂರ್ವಕ್ಕೆ ಠಾಣೆಯ ಖಾರಿ. ಕಡಲು ದೂರವಿರುವುದರಿಂದ ಪುಷ್ಯಮಾಸದ ರಾತ್ರಿಗಳಲ್ಲಿ ಕೊಲಾಬಾದವರಿಗಿಲ್ಲದ ತುಸು ಚಳಿ ನಮ್ಮ ಪಾಲಿಗೆ ಬರುತ್ತದೆ. ನಮಗೊಂದು ಸ್ವೆಟರಿಗೆ ಅದು ಸಾಕು. ಹಯಸಿಂತ್ ಹೂವಿಗೆ ಮಾತ್ರ ಸಾಲದು.

ಹಯಸಿಂತ್, ಟ್ಯೂಲಿಪ್‌ಗಳು ಚಳಿನಾಡಿನ ಗೆಡ್ಡೆಗಳು. ಶ್ರೀನಗರದ ದಾಲ್ ಸರೋವರದ ಬಳಿಯ ಟ್ಯೂಲಿಪ್ ತೋಟ ಪ್ರಸಿದ್ಧವಷ್ಟೆ. ಅಲ್ಲಿ ಹಿಮಗಾಲವೇ ಮಾಡುವ ಕೆಲಸವನ್ನು ಇಲ್ಲಿ ಅಡಿಗೆಮನೆಯ ಫ್ರಿಜ್ಜು ಮಾಡಬೇಕು. ಮುಂದೆ ಅರಳುವ ಹೂವು ಗೆಡ್ಡೆಯೊಳಗೆ ಮೊದಲೇ ಮೊಗ್ಗಾಗಿ ಮಲಗಿರುತ್ತದೆ. ಹತ್ತು ಹನ್ನೆರಡು ವಾರ ತಣ್ಣಗೆ ಇಟ್ಟರೆ ಅದರ ದಂಟು ನೀಳವಾಗುತ್ತದೆ. ಇಲ್ಲವಾದರೆ ಹೂವು ಎಲೆಗಳ ನಡುವೆಯೇ ಕುಗ್ಗಿ ಉಳಿಯುತ್ತದೆ.

ಅಂಚೆಯಲ್ಲಿ ತರಿಸಿದ ಗೆಡ್ಡೆಗಳನ್ನು ಅಕ್ಟೋಬರಿನಲ್ಲಿ ಕಾಗದದ ಚೀಲದೊಳಗಿಟ್ಟು ಫ್ರಿಜ್ಜಿಗೆ ಸೇರಿಸಿದೆವು. ಸೇಬು, ಬಾಳೆಹಣ್ಣುಗಳಿಗೆ ಬೇರೆ ಜಾಗ ಹುಡುಕಬೇಕಾಯಿತು. ಮಾಗುವ ಹಣ್ಣು ಬಿಡುವ ಎಥಿಲೀನ್ ಅನಿಲ ಒಳಗಿನ ಮೊಗ್ಗನ್ನು ಕೊಲ್ಲುತ್ತದೆ. ನೆರೆಮನೆಯ ಮರಾಠಿ ಕಾಕು ಇಣಿಕಿ ನೋಡಿ, “ಕಾಂದಾ ಕೂಡ ಫ್ರಿಜ್ಜಿನಲ್ಲಿಡುತ್ತೀರಾ?” ಎಂದು ನಕ್ಕರು. ಈ ಗೆಡ್ಡೆ ಈರುಳ್ಳಿಯಂತೆ ಕಂಡರೂ ತಿನ್ನುವಂಥದಲ್ಲ, ವಿಷ. ಮಕ್ಕಳಿರುವ ಮನೆಯವರು ಚೀಟಿ ಅಂಟಿಸಿಡಬೇಕು.

ಜನವರಿಯಲ್ಲಿ ಗೆಡ್ಡೆಯನ್ನು ಕಿರಿದಾದ ಕುತ್ತಿಗೆಯ ಗಾಜಿನ ಪಾತ್ರೆಯ ಮೇಲೆ ಕೂರಿಸಿ, ಬುಡಕ್ಕೆ ತಾಗದಷ್ಟು ಕೆಳಗೆ ನೀರು ಹಾಕಿದೆವು. ಬಿಳಿಯ ಬೇರುಗಳು ಇಳಿದವು. ಕೆಲವೇ ವಾರಗಳಲ್ಲಿ ನೀಲಿ ಗೊಂಚಲು ಅರಳಿ, ಎರಡು ಕೋಣೆಯ ಮನೆಯೆಲ್ಲ ಘಮಘಮಿಸಿತು. ಕಾಕು ತಮ್ಮ ಸೊಸೆಯನ್ನೂ ಕರೆದುಕೊಂಡು ಬಂದು ನೋಡಿದರು.

ಆದರೆ ಆ ಸಂಭ್ರಮ ಒಂದೇ ಬಾರಿಯದು. ಬರಿಯ ನೀರಿನಲ್ಲಿ ಅರಳಿದ ಗೆಡ್ಡೆ ತನ್ನ ಸಂಗ್ರಹವನ್ನೆಲ್ಲ ಖರ್ಚು ಮಾಡಿಬಿಡುತ್ತದೆ. ಬರುವ ವರ್ಷಕ್ಕೆ ಹೊಸದನ್ನೇ ತರಿಸಬೇಕು.

ಅದೇ ಕಿಟಕಿಯ ಗ್ರಿಲ್ಲಿನಲ್ಲಿ ಇನ್ನೊಂದು ಕುಂಡವಿದೆ: ಸುಗಂಧರಾಜ. ಮರಾಠಿಯವರು ಇದನ್ನೇ ನಿಶಿಗಂಧ ಎನ್ನುತ್ತಾರೆ. ಬೆಂಗಳೂರಿನ ಹತ್ತಿರದ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆ ಬೆಳೆಸಿದ ‘ಪ್ರಜ್ವಲ್’, ‘ಸುವಾಸಿನಿ’ ಇದರ ಹೆಸರಾಂತ ತಳಿಗಳು. ಗೆಡ್ಡೆಯನ್ನು ಎರಡು ಅಂಗುಲ ಆಳಕ್ಕೆ ನೆಟ್ಟು, ಬಿಸಿಲು ತೋರಿಸಿ, ನೀರು ನಿಲ್ಲದಂತೆ ನೋಡಿಕೊಂಡರೆ ಮೂರು ನಾಲ್ಕು ತಿಂಗಳಿಗೆ ಹೂವು. ಫ್ರಿಜ್ಜಿನ ಹಂಗಿಲ್ಲ. ಪಕ್ಕದಲ್ಲೇ ಮರಿಗೆಡ್ಡೆಗಳೂ ಹುಟ್ಟುತ್ತವೆ. ಇಷ್ಟು ನಮ್ಮದಾದ ಈ ಹೂವಿನ ಮೂಲವಾದರೂ ಎಲ್ಲಿ? ದೂರದ ಮೆಕ್ಸಿಕೊ! ಪರದೇಶದಿಂದ ಬಂದುದಕ್ಕೆ ನಾವು ರಾಜನೆಂದೇ ಹೆಸರಿಟ್ಟೆವು.

ನಮ್ಮ ಮಗಳು ಹುಟ್ಟಿದ್ದು ಮುಲುಂಡಿನಲ್ಲೇ. “ನಿಮ್ಮೂರು ಯಾವುದವ್ವಾ?” ಎಂದು ಧಾರವಾಡದ ಅಜ್ಜಿ ಕೇಳಿದರೆ “ಮುಲುಂಡ್” ಎನ್ನುತ್ತಾಳೆ. ಅಜ್ಜಿಯ ಮುಖ ಸಣ್ಣದಾಗುತ್ತದೆ. ನಮಗೆ ಆ ಉತ್ತರದ ಚಿಂತೆಯಿಲ್ಲ. ಆ ಮಾತನ್ನು ಅವಳು ಯಾವ ನುಡಿಯಲ್ಲಿ ಹೇಳುತ್ತಾಳೆಂಬುದೇ ಚಿಂತೆ. ನವೆಂಬರಿಗೊಮ್ಮೆ ಕಂಠಪಾಠ ಮಾಡಿಸಿ ವೇದಿಕೆ ಹತ್ತಿಸಿದ ಕನ್ನಡ ಗಾಜಿನ ಪಾತ್ರೆಯ ಹೂವಿನಂತೆ ಚೆಂದವೇ ಸರಿ, ಚಪ್ಪಾಳೆಯೂ ಬೀಳುತ್ತದೆ. ಆದರೆ ದಿನವೂ ಊಟದ ಹೊತ್ತಿಗೆ, ಜಗಳದ ಹೊತ್ತಿಗೆ ಆಡುವ ಕನ್ನಡಕ್ಕೆ ಮಾತ್ರ ಮರಿಗೆಡ್ಡೆ ಹುಟ್ಟೀತು.

ಮರಿಗೆಡ್ಡೆಗಳು ನಮ್ಮಲ್ಲಿ ಈಗ ಹೆಚ್ಚಾಗಿವೆ. ಬೇಕಾದವರು ಮನೆಗೆ ಬಂದು ಒಯ್ಯಬಹುದು. ಕುಂಡವನ್ನು ಮಾತ್ರ ನೀವೇ ತರಬೇಕು.