ಕಾಣೆಯಾದ ಹುಡುಗ ಹೋದದ್ದೆಲ್ಲಿಗೆ?

ನಾನು ತಾಲ್ಲೂಕಿನಿಂದ ಪತ್ರಿಕೆಗೆ ಸುದ್ದಿ ಕಳಿಸುವವನು. ಸುದ್ದಿಗೆ ಇಷ್ಟು ಅಂತ ದುಡ್ಡು. ಬಹಳ ಬೇಗ ಬರೆದು ಮುಗಿಯುವ ಸುದ್ದಿ ಅಂದರೆ ‘ಬಾಲಕ ಕಾಣೆ’. ಠಾಣೆಯಿಂದ ವಾಟ್ಸ್‌ಆ್ಯಪ್‌ಗೆ ಪ್ರಕಟಣೆ ಬರುತ್ತದೆ. ವಯಸ್ಸು, ಎತ್ತರ, ಕೋಲು ಮುಖ, ಗೋಧಿ ಮೈಬಣ್ಣ, ಮನೆ ಬಿಟ್ಟಾಗ ತೊಟ್ಟಿದ್ದ ಅಂಗಿಯ ಬಣ್ಣ, ಕೊನೆಗೆ ಠಾಣೆಯ ನಂಬರು. ನಾಲ್ಕು ಸಾಲು, ಐದು ನಿಮಿಷ. ಹತ್ತು ವರ್ಷದಲ್ಲಿ ಇಂಥವು ಎಷ್ಟು ಬರೆದೆನೋ ಲೆಕ್ಕ ಇಟ್ಟಿಲ್ಲ.

ಹೋದ ಮಳೆಗಾಲದಲ್ಲಿ ಧಾರವಾಡಕ್ಕೆ ಹೋದಾಗ ಹಳೇ ಪುಸ್ತಕದ ಅಂಗಡಿಯಲ್ಲಿ 40 ರೂಪಾಯಿಗೆ ಒಂದು ಇಂಗ್ಲಿಷ್ ಪುಸ್ತಕ ಸಿಕ್ಕಿತು. ‘ಮಿಯೋ, ಮೈ ಸನ್’. ರಾಜಕುಮಾರನ ಕಥೆ, ಮಗಳಿಗೆ ಹೇಳಲು ಆದೀತು ಅಂತ ತಂದೆ. ರಾತ್ರಿ ಮೊದಲ ಪುಟ ತೆರೆದರೆ ನನ್ನದೇ ಸುದ್ದಿ! ರೇಡಿಯೋದಲ್ಲಿ ಪೊಲೀಸರ ಪ್ರಕಟಣೆ. ಸ್ಟಾಕ್‌ಹೋಮ್ ಪಟ್ಟಣದ 9 ವರ್ಷದ ಹುಡುಗ ಕಾಣೆಯಾಗಿದ್ದಾನೆ, ಕೂದಲು ಇಂಥ ಬಣ್ಣ, ತೊಟ್ಟ ಬಟ್ಟೆ ಇಂಥದ್ದು, ಕಂಡವರು ತಿಳಿಸಿ. ದೇಶ ಬೇರೆ, ಭಾಷೆ ಬೇರೆ, ಒಕ್ಕಣೆ ಮಾತ್ರ ನಮ್ಮ ಠಾಣೆಯ ರೈಟರ್ ಬರೆದ ಹಾಗೇ ಇದೆ.

ಬರೆದವರು ಸ್ವೀಡನ್ನಿನ ಆಸ್ಟ್ರಿಡ್ ಲಿಂಡ್‌ಗ್ರೆನ್. ಪುಸ್ತಕ ಬಂದದ್ದು 1954ರಲ್ಲಿ. ‘ಪಿಪ್ಪಿ ಲಾಂಗ್‌ಸ್ಟಾಕಿಂಗ್’ ಬರೆದವರೂ ಇವರೇ.

ಹುಡುಗನ ಹೆಸರು ಬೂ, ಎಲ್ಲರೂ ಕರೆಯುವುದು ಬೂಸ್ಸೆ. ಹೆತ್ತ ತಾಯಿ ಇಲ್ಲ, ಅಪ್ಪ ಯಾರೋ ಗೊತ್ತಿಲ್ಲ. ಎಡ್ಲಾ, ಸಿಕ್ಸ್ಟೆನ್ ಅನ್ನುವ ಗಂಡ ಹೆಂಡತಿ ಅನಾಥಾಲಯದಿಂದ ತಂದು ಸಾಕುತ್ತಿದ್ದಾರೆ. ಅವರಿಗೆ ಬೇಕಿದ್ದದ್ದು ಹೆಣ್ಣು ಕೂಸು. ಸಿಗಲಿಲ್ಲ ಅಂತ ಇವನನ್ನು ತಂದರು. ಅದನ್ನು ಆ ಹೆಂಗಸು ಮರೆಯುವುದೂ ಇಲ್ಲ, ಇವನಿಗೆ ಮರೆಯಲು ಬಿಡುವುದೂ ಇಲ್ಲ. ಹೊಡೆತ ಬಡಿತ ಏನಿಲ್ಲ. ಊಟ ಇದೆ, ಬಟ್ಟೆ ಇದೆ. ಓಣಿಯ ಗೆಳೆಯ ಬೆಂಕಾನಿಗೆ ಅವನಪ್ಪ ಆಟದ ವಿಮಾನ ಮಾಡಿಕೊಡುವಾಗ ಈ ಹುಡುಗ ಪಕ್ಕದಲ್ಲಿ ನಿಂತು ನೋಡುತ್ತಾನೆ, ಅಷ್ಟೇ. ಪೊಲೀಸ್ ಪ್ರಕಟಣೆಯಲ್ಲಿ ಇದಕ್ಕೆ ಯಾವ ಕಾಲಂ ಇದೆ?

ಒಂದು ಸಂಜೆ ಅವನು ತೆಗ್ನೇರ್‌ಲುಂಡೆನ್ ಅನ್ನುವ ಪಾರ್ಕಿನ ಬೆಂಚಿನ ಮೇಲೆ ಒಬ್ಬನೇ ಕೂತಿದ್ದಾನೆ. ಸುತ್ತಲಿನ ಮನೆಗಳಲ್ಲಿ ದೀಪ ಹತ್ತಿವೆ, ಒಳಗೆ ಮಕ್ಕಳು ಅಪ್ಪ ಅಮ್ಮನ ಜೊತೆ ಊಟಕ್ಕೆ ಕೂತಿದ್ದಾರೆ. ಹಣ್ಣಿನಂಗಡಿಯ ಅಜ್ಜಿ ಕೊಟ್ಟ ಸೇಬು ಇವನ ಕೈಯಲ್ಲಿ ಬಂಗಾರವಾಗುತ್ತದೆ. ಖಾಲಿ ಬಾಟಲಿಯೊಳಗೆ ಸಿಕ್ಕಿಕೊಂಡ ಒಂದು ಭೂತ ಹೊರಗೆ ಬಂದು ಅವನನ್ನು ಹೊತ್ತು ದೂರದ ದೇಶಕ್ಕೆ ಹಾರುತ್ತದೆ. ಅಲ್ಲಿ ದಡದಲ್ಲಿ ಕೈ ಚಾಚಿ ನಿಂತವನು ಆ ದೇಶದ ಅರಸ, ಇವನಪ್ಪ. ಒಂಬತ್ತು ವರ್ಷದಿಂದ ಮಗನನ್ನು ಹುಡುಕುತ್ತಿದ್ದವನು. ಇವನ ನಿಜವಾದ ಹೆಸರು ಮಿಯೋ.

ಮುಂದೆ ಕಥೆ ನಮ್ಮ ಅಜ್ಜಿಯರು ಹೇಳುತ್ತಿದ್ದ ಹಾದಿಯಲ್ಲೇ ಓಡುತ್ತದೆ. ಬಿಳಿ ಕುದುರೆ ಮಿರಾಮಿಸ್, ಜೊತೆಗೆ ಗೆಳೆಯ ಜುಮ್-ಜುಮ್. ಗಡಿಯಾಚೆ ಕಾಟೋ ಅನ್ನುವ ಕ್ರೂರಿ. ಅವನ ಒಂದು ಕೈ ಕಬ್ಬಿಣದ ಕೊಕ್ಕೆ, ಎದೆಯೊಳಗೆ ಇರುವುದು ಕಲ್ಲು. ಊರೂರಿನ ಮಕ್ಕಳನ್ನು ಕದ್ದೊಯ್ದು ಹಕ್ಕಿ ಮಾಡಿಬಿಟ್ಟಿದ್ದಾನೆ. ಆ ಹಕ್ಕಿಗಳು ಕರೀ ಸರೋವರದ ಮೇಲೆ ಅಳುತ್ತ ಸುತ್ತುತ್ತವೆ. ಅರಸು ರಕ್ತದ ಹುಡುಗನೊಬ್ಬ ಬಂದು ಅವರನ್ನು ಬಿಡಿಸುತ್ತಾನೆ ಅಂತ ಸಾವಿರಾರು ವರ್ಷದ ಹಿಂದೆಯೇ ಹೇಳಿಯಾಗಿದೆ. ಮಿಯೋ ಹೊರಡುತ್ತಾನೆ. ನೇಕಾರ ತಾಯಿಯೊಬ್ಬಳು ಕಳೆದುಹೋದ ಮಗಳು ಮಿಲಿಮಾನಿಯನ್ನು ನೆನೆಯುತ್ತ ಬಟ್ಟೆ ನೇಯುತ್ತಾಳೆ. ಕೊನೆಗೆ ಆ ಮಗಳಿಗೆ ಜೀವ ಬರುವುದು ತಾಯಿ ನೇಯ್ದ ಆ ಬಟ್ಟೆಯಿಂದಲೇ. ಇಲ್ಲಿ ನನಗೆ ಕಣ್ಣಲ್ಲಿ ನೀರು ಬಂತು ಅಂತ ಹೇಳಿಕೊಳ್ಳಲು ನಾಚಿಕೆ ಇಲ್ಲ.

ಕತ್ತಿಯ ಸುದ್ದಿಗಿಂತ ನನಗೆ ಹಿಡಿಸಿದ್ದು ಇನ್ನೊಂದು. ಮಿಯೋ ಗಟ್ಟಿ ಹುಡುಗನೇನಲ್ಲ. ಹೆದರುತ್ತಾನೆ, ಅಳುತ್ತಾನೆ, ಇಷ್ಟು ಸಣ್ಣವನಾಗಿ ಇಷ್ಟು ದೂರ ಬಂದೆನಲ್ಲ ಅಂತ ಗೋಳಾಡುತ್ತಾನೆ. ಪ್ರತಿ ಸಲ ಅವನನ್ನು ಎಬ್ಬಿಸುವುದು ಅಪ್ಪ ‘ಮಗನೇ’ ಅಂದ ದನಿಯ ನೆನಪು. ಕಾಟೋ ಕೂಡ ಕೊನೆಯಲ್ಲಿ ತನ್ನ ಕಲ್ಲಿನ ಎದೆಗೆ ಸರಿಯಾಗಿ ಹೊಡೆ, ಇದರ ನೋವು ಸಾಕಾಗಿದೆ ಅನ್ನುತ್ತಾನೆ. ಮಕ್ಕಳ ಪುಸ್ತಕದಲ್ಲಿ ಖಳನಿಗೂ ಇಷ್ಟು ಜಾಗ ಕೊಟ್ಟ ಲೇಖಕಿ ಯಾರಪ್ಪ ಅಂತ ಹುಡುಕಿ ಓದಿದೆ.

ಲಿಂಡ್‌ಗ್ರೆನ್ ಹುಟ್ಟಿದ್ದು 1907ರಲ್ಲಿ, ವಿಮ್ಮರ್‌ಬಿ ಅನ್ನುವ ಸಣ್ಣ ಪಟ್ಟಣದ ಪಕ್ಕದ ಒಕ್ಕಲು ಮನೆಯಲ್ಲಿ. ಹದಿಹರೆಯದಲ್ಲೇ ಊರಿನ ಪತ್ರಿಕೆಗೆ ಸೇರಿದರು. ಕರಡು ತಿದ್ದುವುದು, ಸಣ್ಣಪುಟ್ಟ ಸುದ್ದಿ ಬರೆಯುವುದು. ಅಂದರೆ ನಮ್ಮದೇ ಜಾತಿ! 18ರಲ್ಲಿ ಬಸಿರಾದರು. ಮಗುವಿನ ತಂದೆ ಆ ಪತ್ರಿಕೆಯ ಸಂಪಾದಕ, ಮದುವೆಯಾದವನು. ಸಣ್ಣ ಊರಿನ ಬಾಯಿ ಹೇಗಿರುತ್ತದೆ ಅಂತ ನಿಮಗೆ ನಾನು ಹೇಳಬೇಕಿಲ್ಲ. ಊರು ಬಿಟ್ಟು ಸ್ಟಾಕ್‌ಹೋಮ್ ಸೇರಿದರು. 1926ರ ಡಿಸೆಂಬರಿನಲ್ಲಿ ಪಕ್ಕದ ದೇಶದ ಕೋಪನ್‌ಹೇಗನ್‌ನಲ್ಲಿ ಹೆತ್ತರು. ಮಗ ಲಾರ್ಸ್‌ನನ್ನು ಸುಮಾರು ಮೂರು ವರ್ಷ ಅಲ್ಲೇ ಸಾಕುತಾಯಿಯ ಮನೆಯಲ್ಲಿ ಬಿಟ್ಟಿದ್ದರು. ಆಫೀಸಿನ ಸಣ್ಣ ಸಂಬಳದಲ್ಲಿ ದುಡ್ಡು ಕೂಡಿಸಿ ರೈಲು ಹತ್ತಿ ಹೋಗಿ ನೋಡಿ ಬರುತ್ತಿದ್ದರು. ಮುಂದೆ ಮಗನನ್ನು ಕರೆತಂದರು. ಪುಸ್ತಕದ ಅರಸ ಮಗನಿಗಾಗಿ ಹಂಬಲಿಸುವ ಪುಟಗಳನ್ನು ಇದು ತಿಳಿದ ಮೇಲೆ ಇನ್ನೊಮ್ಮೆ ಓದಿದೆ.

ಓದುತ್ತಿದ್ದಾಗ ನೆನಪಾದದ್ದು ನಾನೇ ಬರೆದ ನಾಲ್ಕು ಸಾಲು. ನಾಲ್ಕು ವರ್ಷದ ಹಿಂದಿನದು. ಹುಡುಗನಿಗೆ 12 ವರ್ಷ, ಕಾಕಾನ ಮನೆಯಲ್ಲಿ ಇದ್ದವನು. ಊರು, ಹೆಸರು ಇಲ್ಲಿ ಬೇಡ. ನಾಲ್ಕನೇ ದಿನ ಸಿಕ್ಕ. ಸಿಕ್ಕ ಸುದ್ದಿಯನ್ನು ಪೇಪರಿನವರು ಹಾಕುವುದಿಲ್ಲ, ಹಾಗಾಗಿ ನಾನೂ ಕಳಿಸಲಿಲ್ಲ. ಠಾಣೆಯ ಎದುರಿನ ಚಹಾ ಅಂಗಡಿಯಲ್ಲಿ ಕಾಕಾನ ಜೊತೆ ಕೂತಿದ್ದ.

“ಎಲ್ಲಿಗಿ ಹೋಗಿದ್ದ್ಯೋ ತಮ್ಮಾ?” ಅಂದೆ.

“ಹುಬ್ಬಳ್ಳಿ ಟೇಶನ್ನಿಗೆ ರೀ.”

“ಅಲ್ಲೇನ್ ಮಾಡಿದಿ?”

“ಬೆಂಚಿನ ಮ್ಯಾಲೆ ಕುಂತಿದ್ದೆ. ಗೋವಾದ ಗಾಡಿ ಬರೂದು ನೋಡಕೋತ.”

ನಾನು ನಕ್ಕೆ. ಕಾಕಾ ಅಂದ, “ಇವರಪ್ಪ ಗೋವಾಕ್ಕ ಗೌಂಡಿ ಕೆಲಸಕ್ಕ ಹೋಗಿ ಎರಡು ವರ್ಷ ಆತ್ರಿ. ಒಂದು ಫೋನ್ ಸೈತ ಇಲ್ಲ.” ಹುಡುಗ ಬಿಸ್ಕೀಟು ಚಹಾದಲ್ಲಿ ಅದ್ದಿ ತಿನ್ನುತ್ತಿದ್ದ. ನನಗೆ ಯಾವುದೋ ಪ್ರೆಸ್‌ಮೀಟಿಗೆ ತಡವಾಗಿತ್ತು, ಗಾಡಿ ಚಾಲೂ ಮಾಡಿ ಹೊರಟೆ. ಇನ್ನೊಂದು ಪ್ರಶ್ನೆ ಕೇಳಿದ್ದರೆ ಸುದ್ದಿ ಆಗುತ್ತಿತ್ತು. ಸುದ್ದಿ ಹಾಳಾಗಲಿ, ಇನ್ನೊಂದು ಚಹಾ ಹೇಳಬಹುದಿತ್ತು. (ರೈಲು ನಿಲ್ದಾಣದಲ್ಲಿ ಹೀಗೆ ಮಗು ಒಂದೇ ಕೂತದ್ದು ಕಂಡರೆ 1098ಕ್ಕೆ ಫೋನ್ ಮಾಡಿ. ದುಡ್ಡು ಬೀಳುವುದಿಲ್ಲ.)

ಪುಸ್ತಕದ ಕೊನೆಯ ಪುಟದಲ್ಲಿ ಮಿಯೋ ಹೇಳುತ್ತಾನೆ, ಎಡ್ಲಾ ಚಿಕ್ಕಮ್ಮ ಏನಾದರೂ ತಿಳಿದುಕೊಳ್ಳಲಿ, ಬೂಸ್ಸೆ ಪಾರ್ಕಿನ ಬೆಂಚಿನ ಮೇಲೆ ಕೂತಿಲ್ಲ, ಅಪ್ಪನ ಹತ್ತಿರ ಸುಖವಾಗಿ ಇದ್ದಾನೆ ಅಂತ. ಅದನ್ನೇ ಮತ್ತೆ ಮತ್ತೆ ಹೇಳುತ್ತಾನೆ. ಇಷ್ಟು ಸಲ ಯಾಕೆ ಹೇಳುತ್ತಾನೆ? ಪಾರ್ಕಿನಲ್ಲಿ ಒಂಟಿಯಾಗಿ ಕೂತ ಒಬ್ಬ ಹುಡುಗನನ್ನು ಕಂಡೇ ಲಿಂಡ್‌ಗ್ರೆನ್‌ಗೆ ಈ ಕಥೆ ಹೊಳೆದದ್ದಂತೆ. ಮಗಳಿಗೆ ಅಲ್ಲಿ ಏನೂ ಅನುಮಾನ ಬರಲಿಲ್ಲ. ಅಪ್ಪ ಸಿಕ್ಕ, ಮುಗಿಯಿತು, ನಾಳೆ ಮತ್ತೆ ಕಾಟೋ ಸಾಯುವುದನ್ನು ಹೇಳು ಅಂದು ಮಲಗಿದಳು. ನನಗೆ ನಿದ್ದೆ ಬರಲಿಲ್ಲ.

ಮೊನ್ನೆ ಆ ಊರಿಗೆ ಹೋಗಿದ್ದೆ. ಕಾಕಾ ಗುರುತು ಹಿಡಿದ. “ಅಂವ ಈಗ ಗೋವಾದಾಗ ಅದಾನ್ರಿ” ಅಂದ. ನಾನು ಖುಷಿಯಾಗಿ, “ಅಪ್ಪ ಸಿಕ್ಕನೇನು?” ಅಂದೆ. “ಇಲ್ರೀ. ಟೈಲ್ಸ್ ಕೆಲಸಕ್ಕ ಹೋಗ್ಯಾನ. ತಿಂಗಳಾ ರೊಕ್ಕ ಹಾಕ್ತಾನ.” ನಂಬರ್ ಇಸಕೊಂಡು ಬಂದಿದ್ದೇನೆ. ಎರಡು ಸಲ ಹಚ್ಚಿದೆ, ರಿಂಗ್ ಆಗುತ್ತದೆ, ಎತ್ತುವುದಿಲ್ಲ. ಕೆಲಸದ ಹೊತ್ತು ಇರಬೇಕು. ಭಾನುವಾರ ಮತ್ತೆ ಹಚ್ಚುತ್ತೇನೆ.