ತಾಳ್ಮೆಯ ಪಾಠ

‘ತಾಳಿದವನು ಬಾಳಿಯಾನು’ ಎಂಬ ಗಾದೆಯನ್ನು ನನ್ನ ತಾಯಿ ನನಗೆ ಕಲಿಸಿದರು. ನಾನು ನನ್ನ ಮಗಳಿಗೆ ಕಲಿಸಿದೆ. ತಿಂಗಳ ಆ ಮೂರು ದಿನಗಳಲ್ಲಿ ಅವಳು ಹೊಟ್ಟೆ ಹಿಡಿದು ಮುದುಡಿ ಮಲಗಿದಾಗಲೆಲ್ಲ ಜೀರಿಗೆಯ ಕಷಾಯ ಕುಡಿಸಿ, “ಹೆಣ್ಣು ಜನ್ಮವೇ ಇಷ್ಟು ಕಣೇ, ಮದುವೆಯಾದರೆ ಎಲ್ಲ ಸರಿಹೋಗುತ್ತದೆ” ಎನ್ನುತ್ತಿದ್ದೆ. ಮದುವೆಯಾಯಿತು, ನೋವು ಮಾತ್ರ ಸರಿಹೋಗಲಿಲ್ಲ.

ಆ ದಿನಗಳಲ್ಲಿ ಶೌಚಕ್ಕೆ ಹೋಗುವುದೆಂದರೆ ಅವಳಿಗೆ ನಡುಕ. ಒಬ್ಬ ವೈದ್ಯರು ಅಜೀರ್ಣವೆಂದರು, ಮತ್ತೊಬ್ಬರು ಮನಸ್ಸಿನ ಚಿಂತೆಯೆಂದರು. ಹೀಗೆ ಹದಿನೈದು ವರ್ಷಗಳು ಕಳೆದವು. ಕಡೆಗೆ 2019ರಲ್ಲಿ ಸ್ತ್ರೀರೋಗ ತಜ್ಞೆಯೊಬ್ಬರು, “ಶೌಚದ ನೋವು ಮುಟ್ಟಿನ ದಿನಗಳಲ್ಲಿಯೇ ಹೆಚ್ಚುತ್ತದೆಯೇ?” ಎಂದು ಕೇಳಿದರು. ಅಷ್ಟು ವರ್ಷಗಳಲ್ಲಿ ಆ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಹೆತ್ತ ತಾಯಿಯಾದ ನಾನೂ ಕೇಳಿರಲಿಲ್ಲ.

ಎಂಆರ್‌ಐ ಪರೀಕ್ಷೆಯಿಂದ ರೋಗದ ಗುರುತು ಸಿಕ್ಕಿತು. ಅದರ ಹೆಸರು ಎಂಡೊಮೆಟ್ರಿಯೋಸಿಸ್. ಗರ್ಭಕೋಶದ ಒಳಪದರವನ್ನು ಹೋಲುವ ಅಂಗಾಂಶವು ಗರ್ಭಕೋಶದ ಹೊರಗೆ ಬೆಳೆದು, ತಿಂಗಳು ತಿಂಗಳೂ ಕೆರಳಿ, ಕ್ರಮೇಣ ಗಟ್ಟಿಯಾಗಿ ಸುತ್ತಲಿನ ಅಂಗಗಳನ್ನು ಒಂದಕ್ಕೊಂದು ಅಂಟಿಸಿಬಿಡುತ್ತದೆ. ಹೆರುವ ವಯಸ್ಸಿನ ನೂರು ಸ್ತ್ರೀಯರಲ್ಲಿ ಸುಮಾರು 10 ಮಂದಿಗೆ ಈ ರೋಗವಿದೆಯಂತೆ. ಕೆಲವರಲ್ಲಿ ಅದು ಕರುಳಿಗೂ, ಹೆಚ್ಚಾಗಿ ದೊಡ್ಡ ಕರುಳಿನ ಕೊನೆಯ ಭಾಗಕ್ಕೆ, ಹಬ್ಬುತ್ತದೆ. ನನ್ನ ಮಗಳಿಗೆ ಆದದ್ದು ಅದೇ.

ಹಾರ್ಮೋನಿನ ಮಾತ್ರೆಗಳಿಂದ ಸಾಕಷ್ಟು ಗುಣ ಕಾಣದಿರಲು ಶಸ್ತ್ರಚಿಕಿತ್ಸೆಯ ಮಾತು ಬಂದಿತು. ಗಂಟು ಕರುಳಿನ ಮೇಲ್ಪದರದಲ್ಲಿದ್ದರೆ ಹೆರೆದು ತೆಗೆಯುತ್ತಾರೆ. ಸ್ವಲ್ಪ ಆಳಕ್ಕೆ ಇಳಿದಿದ್ದು ಚಿಕ್ಕದಾಗಿದ್ದರೆ ಬಿಲ್ಲೆಯಷ್ಟು ಭಾಗವನ್ನು ಕತ್ತರಿಸಿ ಹೊಲಿಯುತ್ತಾರೆ. ದೊಡ್ಡದಾಗಿದ್ದರೆ ಆ ತುಂಡನ್ನೇ ತೆಗೆದು ಎರಡು ತುದಿಗಳನ್ನೂ ಜೋಡಿಸುತ್ತಾರೆ. ಮಗಳಿಗೆ ಬೇಕಾದದ್ದು ಮೂರನೆಯದು. ಜೋಡಿಸಿದ ಕಡೆ ಸೋರಿದರೆ ಪ್ರಾಣಕ್ಕೆ ಅಪಾಯ. ಆ ಭಾಗ ಮಾಯುವವರೆಗೆ ಮಲ ಹೊಟ್ಟೆಯ ಮೇಲಿನ ಚೀಲಕ್ಕೆ ಹೋಗುವಂತೆ ಮಾಡಬೇಕಾದೀತು ಎಂದು ಶಸ್ತ್ರವೈದ್ಯರು ಮರೆಮಾಚದೆ ತಿಳಿಸಿದರು.

ನನ್ನ ಜಂಘಾಬಲವೇ ಉಡುಗಿತು. “ಇನ್ನೂ ಸ್ವಲ್ಪ ಕಾಲ ತಾಳಬಾರದೇನೇ?” ಎಂದುಬಿಟ್ಟೆ.

ಮಗಳು ನನ್ನ ಕೈಹಿಡಿದು, “ಹದಿನೈದು ವರ್ಷ ನಾನು ತಾಳಿದೆನಲ್ಲಮ್ಮ. ಈಗ ನಾಲ್ಕು ಗಂಟೆ ನೀನು ತಾಳಿಕೋ” ಎಂದಳು.

ಆ ನಾಲ್ಕು ಗಂಟೆ ಆಸ್ಪತ್ರೆಯ ಬೆಂಚಿನ ಮೇಲೆ ಕುಳಿತು ನಾನು ತಾಳ್ಮೆಯೆಂದರೇನೆಂಬುದನ್ನು ಕಲಿತೆ. ಹೊಟ್ಟೆಯಲ್ಲಿ ನಾಲ್ಕೈದು ಸಣ್ಣ ರಂಧ್ರಗಳಷ್ಟೇ ಮಾಡಿ, ದುರ್ಬೀನಿನಿಂದ ನೋಡುತ್ತ ಕೆಲಸ ಮುಗಿಸಿದ್ದರು. ಚೀಲದ ಅಗತ್ಯ ಬೀಳಲಿಲ್ಲ. ರೋಗ ಮರುಕಳಿಸುವುದೂ ಉಂಟೆಂದು ವೈದ್ಯರು ಎಚ್ಚರಿಸಿದ್ದಾರೆ. ಆದರೂ ಮಗಳು ಈಗ ಪಂಚಾಂಗ ನೋಡಿ ಹೆದರುವುದಿಲ್ಲ.

ಮೊನ್ನೆ ತಮ್ಮನ ಹದಿನಾಲ್ಕರ ಮಗಳು ಹೊಟ್ಟೆ ಹಿಡಿದು ಮಲಗಿದ್ದಳು. ಅಭ್ಯಾಸಬಲದಿಂದ ಕಷಾಯ ಕಾಸಿದೆ. ಲೋಟವನ್ನು ಕೈಗೆ ಕೊಟ್ಟು, ಗಾದೆಯನ್ನು ಹೇಳದೆ, ಪಕ್ಕದಲ್ಲಿ ಕುಳಿತು ಕೇಳಿದೆ: “ಎಲ್ಲಿ ನೋಯುತ್ತದೆ ಮಗು? ಎಷ್ಟು ದಿನದಿಂದ? ಎಲ್ಲವನ್ನೂ ಹೇಳು.”